ನಮ್ಮ ಮನೆಯ ನೊಣ

ಆ ಮನೆಯ ಸೊಸೆಗೆ ನೊಣ ಕೊಯ್ಯುವುದೇ ಉದ್ಯೋಗ. ಮದುವೆಗೆ ಮೊದಲು ಬೇಕರಿ ಮನೆಯವರಿಗೆ ಗೊತ್ತಿದ್ದದ್ದು ಹುಡುಗಿ ಆರೋಗ್ಯ ಇಲಾಖೆಯ ಲ್ಯಾಬಿನಲ್ಲಿದ್ದಾಳೆ ಎಂಬುದಷ್ಟೇ. ಅಲ್ಲಿ ಅವಳು ಏನು ಮಾಡುತ್ತಾಳೆಂದು ತಿಳಿದ ದಿನ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ಮಾವ ಮಾತ್ರ ಭಟ್ಟಿಯ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲಮ್ಮ, ನಾವು ಅಂಗಡೀಲಿ ಕೂತು ನೊಣ ಹೊಡೆದ್ರೆ ವ್ಯಾಪಾರ ಮುಳುಗ್ತು ಅಂತಾರೆ. ನೀನು ನೊಣ ಹೊಡೆದ್ರೆ ಸಂಬಳ ಕೊಡ್ತಾರಾ?"

"ಹೊಡೆಯಲ್ಲ ಮಾವ, ಕೊಯ್ತೀನಿ. ಹೊಡೆದ್ರೆ ಕೆಲಸ ಕೆಡುತ್ತೆ."

"ಇನ್ನೂ ಚೆನ್ನಾಯ್ತು!"

ಅವಳು ಕೊಯ್ಯುತ್ತಿದ್ದದ್ದು ಮರಳುನೊಣ. ಅಡುಗೆಮನೆಯಲ್ಲಿ ಗುಂಯ್‌ಗುಡುವ ನೊಣಕ್ಕೂ ಇದಕ್ಕೂ ಹೆಸರಿನಲ್ಲಷ್ಟೇ ನಂಟು. ಸೊಳ್ಳೆಗಿಂತ ಎಷ್ಟೋ ಸಣ್ಣದು, ಮೈತುಂಬ ರೋಮ, ರೆಕ್ಕೆಗಳನ್ನು ಮೇಲೆತ್ತಿಕೊಂಡೇ ಕೂರುತ್ತದೆ, ಹಾರಿದರೆ ಸದ್ದಿಲ್ಲ. ಹಸಿ ಗೋಡೆಯ ಬಿರುಕಿನಲ್ಲಿ ಹಗಲೆಲ್ಲ ಅಡಗಿದ್ದು ಹೊತ್ತು ಮುಳುಗಿದ ಮೇಲೆ ಹೊರಬಂದು ಕಚ್ಚುತ್ತದೆ. ಕೆಲವು ಊರುಗಳಲ್ಲಿ ಅದರ ಹೊಟ್ಟೆಯಲ್ಲಿ ಒಂದು ಪರೋಪಜೀವಿ ಇರುತ್ತದೆ. ಅದು ಮನುಷ್ಯನ ಮೈಸೇರಿದರೆ ವಾರಗಟ್ಟಲೆ ಬಿಡದ ಜ್ವರ. ಹೊಟ್ಟೆಯ ಎಡಕ್ಕಿರುವ ಗುಲ್ಮ ಊದಿ ಹೊಟ್ಟೆ ಮುಂದೆ ಬರುತ್ತದೆ, ಕೈಕಾಲು ಕಡ್ಡಿಯಾಗುತ್ತವೆ. ಜನ ಅದನ್ನು ಗುಲ್ಮಜ್ವರ ಅನ್ನುತ್ತಿದ್ದರು. ಬೇಗ ಗೊತ್ತಾದರೆ ವಾಸಿಯಾಗುತ್ತದೆ. ತಡವಾದರೆ ಆಗುವುದಿಲ್ಲ.

ಬೇಕರಿಯಿದ್ದ ಓಣಿಯಲ್ಲಿ ಒಂದು ಮಗುವಿಗೆ ತಡವಾಗಿತ್ತು. ಎದುರುಮನೆಯ ಇಸ್ತ್ರಿಯವಳ ಮಗ. ನಾಲ್ಕು ತುಂಬಿರಲಿಲ್ಲ. ಒಡೆದ ರಸ್ಕಿಗಾಗಿ "ತಾತಾ, ಒಂದು ಚೂರು, ಒಂದೇ ಚೂರು" ಎಂದು ಬೇಕರಿ ಮೆಟ್ಟಿಲಿಗೆ ಬರುತ್ತಿದ್ದ ಅವನಿಗೆ ಮಾವ ಇಟ್ಟ ಹೆಸರೇ ಚೂರು. ಆಮೇಲೆ ಓಣಿಯೆಲ್ಲ ಅವನನ್ನು ಹಾಗೆಯೇ ಕರೆಯಿತು. ಹಿಂದಿನ ವರ್ಷ ಅವನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ಹೊತ್ತುಕೊಂಡು ಹೋದದ್ದು ಮಾವ. ಬರಿಗೈಯಲ್ಲಿ ಮರಳಿದವರೂ ಅವರೇ. ಈ ವರ್ಷ ಓಣಿಯ ಕೊನೆಯ ಮನೆಯ ಹುಡುಗಿಗೆ ಮತ್ತೆ ಅದೇ ಜ್ವರ ಬಂತು; ಅವಳು ಉಳಿದಳು.

ಕಾಯಿಲೆ ಬಿದ್ದವರ ಮನೆಗಳಲ್ಲಿ ಲ್ಯಾಬಿನವರು ಬಲೆ ಕಟ್ಟಿದ್ದರು. ಎಷ್ಟು ನೊಣ ಕೊಯ್ದರೂ ಒಂದರಲ್ಲೂ ರೋಗಾಣು ಸಿಗಲಿಲ್ಲ. ಸಿಗುವುದೂ ಅಪರೂಪವೇ, ನೂರಾರು ನೊಣ ನೋಡಿದರೂ ಕೈಗೆ ಏನೂ ಬರದ ತಿಂಗಳುಗಳಿದ್ದವು. ಕೊನೆಗೆ ಲ್ಯಾಬಿನ ಮುಖ್ಯಸ್ಥೆ, ಎಲ್ಲರೂ ಮೇಡಂ ಅನ್ನುತ್ತಿದ್ದ ಡಾಕ್ಟರು, ಅವಳನ್ನು ಕರೆದರು.

"ಕಾಯಿಲೆ ಬಂದವರ ಮನೇಲೇ ಹುಡುಕ್ತಾ ಇದೀವಿ. ಬಾರದವರ ಮನೇಲೂ ನೋಡೋಣ. ನಿಮ್ಮ ಮನೆಯಿಂದಲೇ ಶುರು ಮಾಡಿ. ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ."

ಹಾಗೆ ಒಂದು ಸಂಜೆ ಅವಳು ಬಲೆ ತಂದು ಬೇಕರಿಯ ಹಿಂದಿನ ನಡುಮನೆಯ ಮೂಲೆಯಲ್ಲಿ, ಮಾವನ ಮಂಚದ ಕಾಲಿನ ಹತ್ತಿರ ತೂಗುಹಾಕಿದಳು. ಒಂದು ಪುಟ್ಟ ಬಲ್ಬು, ಅದರ ಕೆಳಗೆ ನೊಣವನ್ನು ಒಳಗೆಳೆಯುವ ಫ್ಯಾನು, ಅದರ ಕೆಳಗೆ ತೆಳುಬಟ್ಟೆಯ ಚೀಲ. ಅವಳ ಮಗಳು ಸುತ್ತಲೂ ಕುಣಿದಳು. ಬೇಕರಿಯ ಬನ್ನು ಬ್ರೆಡ್ಡು ಅಂಗಡಿಗಳಿಗೆ ಹಾಕಿ ಬಂದ ಗಂಡ, ಸ್ಕೂಟರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ನೋಡಿದ.

"ಎಲ್ಲಾ ನೊಣಾನೂ ಕೊಯ್ತೀಯಾ?" ಎಂದರು ಮಾವ.

"ಇಲ್ಲ ಮಾವ, ಹೆಣ್ಣು ಮಾತ್ರ. ಗಂಡು ಕಚ್ಚಲ್ಲ."

ಮಾವ ಅತ್ತೆಯ ಕಡೆ ತಿರುಗಿದರು. "ಇದನ್ನ ಕಂಡುಹಿಡಿಯೋಕೆ ಲ್ಯಾಬು ಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿದ್ದೆ."

"ಕಚ್ಚೋಕೆ ಮೈಮೇಲೆ ಏನಾದ್ರೂ ಇದ್ರೆ ತಾನೇ," ಎಂದರು ಅತ್ತೆ, ತಟ್ಟೆ ಎತ್ತುತ್ತ.

ಬೆಳಿಗ್ಗೆ ಚೀಲದ ಬಾಯಿ ಕಟ್ಟಿ, ಒದ್ದೆಬಟ್ಟೆ ಸುತ್ತಿ ಲ್ಯಾಬಿಗೆ ಒಯ್ದಳು. ನೊಣಗಳನ್ನು ತಣ್ಣಗೆ ಮಾಡಿ, ಸೋಪಿನ ನೀರಲ್ಲಿ ರೋಮ ತೊಳೆದು, ಒಂದೊಂದನ್ನೇ ಗಾಜಿನ ಸ್ಲೈಡಿನ ಮೇಲಿನ ಉಪ್ಪುನೀರಿನ ಹನಿಗೆ ಇಟ್ಟಳು. ಎಡಗೈ ಸೂಜಿಯಿಂದ ಎದೆ ಒತ್ತಿ ಹಿಡಿದು, ಬಲಗೈ ಸೂಜಿಯಿಂದ ಹೊಟ್ಟೆಯ ತುದಿಯನ್ನು ಮೆಲ್ಲಗೆ ಎಳೆಯಬೇಕು. ಅವಸರ ಮಾಡಿದರೆ ಕರುಳು ಹರಿಯುತ್ತದೆ. ಸರಿಯಾಗಿ ಎಳೆದರೆ ಒದ್ದೆ ದಾರದ ಹಾಗೆ ಪೂರ್ತಿ ಬರುತ್ತದೆ. ಹಾಗೆ ಬಂದಾಗೆಲ್ಲ ಅವಳಿಗೆ ಸಣ್ಣದೊಂದು ಸಮಾಧಾನ.

ಆರೇಳು ನೊಣ ಖಾಲಿ. ಆಮೇಲಿನದರಲ್ಲಿ ಏನೋ ಅಲುಗಿತು.

ಅವಳು ಸೂಕ್ಷ್ಮದರ್ಶಕದ ತಿರುಪು ತಿರುಗಿಸಿದಳು. ಕರುಳಿನ ಮೇಲ್ತುದಿಯಲ್ಲಿ, ಕದಿರಿನಂಥ ಸಪೂರ ಮೈಗಳು. ಪ್ರತಿಯೊಂದರ ಮುಂದೆಯೂ ಎಳೆಯಂಥ ಒಂದು ಚಾಟಿ. ಕೆಲವು ಹೂವಿನ ದಳಗಳ ಹಾಗೆ ತಲೆ ಕೂಡಿಸಿಕೊಂಡು ಮಿಡುಕುತ್ತಿದ್ದವು. ಪುಸ್ತಕದ ಚಿತ್ರದಲ್ಲಿ, ತರಬೇತಿಯಲ್ಲಿ ನೋಡಿದ್ದಳು. ತಾನೇ ಕೊಯ್ದ ನೊಣದಲ್ಲಿ, ಜೀವಂತವಾಗಿ, ಇದೇ ಮೊದಲು. ಒಂದು ಕ್ಷಣ ಖುಷಿಯಾಯಿತು, ಸುಳ್ಳೇಕೆ. ಆಮೇಲೆ ಈ ನೊಣ ಎಲ್ಲಿಯದೆಂದು ನೆನಪಾಯಿತು.

ಸ್ಲೈಡಿನ ಮೇಲೆ ಒಂದು ಸಲ ಹತ್ತಿ ಎಳೆದರೆ ಮುಗಿಯಿತು. ಯಾರೂ ನೋಡಿರಲಿಲ್ಲ. 'ಬೇಕರಿಯಲ್ಲಿ ಗುಲ್ಮಜ್ವರದ ನೊಣ' ಎಂಬ ಮಾತು ಓಣಿ ದಾಟಿದರೆ ಭಟ್ಟಿ ಆರಿತೆಂದೇ ಲೆಕ್ಕ. ಹತ್ತಿಯ ಉಂಡೆ ಕೈಯಲ್ಲೇ ಇತ್ತು. ಅಷ್ಟರಲ್ಲಿ ಬೆಳಿಗ್ಗೆ ತಾತನ ತೋಳಿಗೆ ತಲೆಯಿಟ್ಟು ಮಲಗಿದ್ದ ಮಗಳ ಮುಖ ಕಣ್ಣಿಗೆ ಬಂತು. ಅವಳು ಹತ್ತಿಯನ್ನು ಮೇಜಿನ ಮೇಲಿಟ್ಟು ಪಕ್ಕದ ಕೋಣೆಯ ಗೆಳತಿಯನ್ನು ಕೂಗಿದಳು.

ಜೀನ್ ಪರೀಕ್ಷೆಯ ಯಂತ್ರ ನೋಡಿಕೊಳ್ಳುವ ಆ ಗೆಳತಿ ಕಣ್ಣು ಹಚ್ಚಿ ನೋಡಿ, "ಅಯ್ಯೋ, ಇದು ಅದೇ ಕಣೇ! ಯಾವ ಮನೇದು?" ಎಂದಳು.

"ನಮ್ಮನೇದು."

ಗೆಳತಿ ತಲೆಯೆತ್ತಲಿಲ್ಲ. ಬಹಳ ಹೊತ್ತು ನೋಡುತ್ತಿರುವವಳಂತೆ ಹಾಗೆಯೇ ಬಗ್ಗಿದ್ದಳು.

ಮರುದಿನ ಯಂತ್ರವೂ ಅದನ್ನೇ ಹೇಳಿತು: ರೋಗಾಣು ಗುಲ್ಮಜ್ವರದ್ದು. ನೊಣದ ಹೊಟ್ಟೆಯಲ್ಲಿ ಉಳಿದಿದ್ದ ರಕ್ತ ಮನುಷ್ಯನದು; ಮನೆಯವರಲ್ಲೇ ಯಾರನ್ನೋ ಕಚ್ಚಿರಬೇಕು.

ಅವಳು ಮೊದಲು ಮಾಡಿದ್ದು ಶಾಲೆಗೆ ಹೋಗಿ ಮಗಳನ್ನು ಕರೆತಂದದ್ದು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪರೀಕ್ಷೆಯ ಪಟ್ಟಿಗೆ ಹಾಕಿದಾಗ ಮಗು ಅತ್ತಿತು. ಸೋಂಕಿದ್ದರೆ ಕಾಣಬೇಕಾದ ಗೆರೆ ಮೂಡಲಿಲ್ಲ. ಅವಳು ಪಟ್ಟಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿ ಕಣ್ಣೊರೆಸಿಕೊಂಡಳು. ಮಗಳೇ ಅವಳ ಕೈ ಹಿಡಿದು "ಅಮ್ಮಾ, ನಿನಗೂ ಚುಚ್ಚಿದ್ರಾ?" ಎಂದು ಕೇಳಿದಳು.

ಅವಳಿಗೂ ಗಂಡನಿಗೂ ಅತ್ತೆಗೂ ಗೆರೆ ಬರಲಿಲ್ಲ. ಮಾವನಿಗೆ ಬಂತು. ಆದರೆ ಅದಕ್ಕೆ ಅರ್ಥವಿರಲಿಲ್ಲ. ಅವಳ ಮದುವೆಗೆ ಮೊದಲು ಅವರಿಗೆ ಆ ಜ್ವರ ಬಂದು, ಸೂಜಿಮದ್ದು ಹಾಕಿಸಿಕೊಂಡು ವಾಸಿಯಾಗಿತ್ತು. ಒಮ್ಮೆ ಬಂದುಹೋದವರಲ್ಲಿ ಆ ಗೆರೆ ವರ್ಷಗಟ್ಟಲೆ ಉಳಿಯುತ್ತದೆ. ಮಾವ ಹಿಟ್ಟಿನ ಮೂಟೆ ಎತ್ತುತ್ತಿದ್ದರು, ಎರಡು ಆಳಿನ ಊಟ ಮಾಡುತ್ತಿದ್ದರು. ಅವರನ್ನು ರೋಗಿ ಎಂದರೆ ಯಾರೂ ನಂಬುತ್ತಿರಲಿಲ್ಲ.

ಬೇಕರಿಗೆ ರಜೆಯಿದ್ದ ದಿನ ಮಾವ ಸ್ನಾನ ಮುಗಿಸಿ ಹಿತ್ತಿಲಲ್ಲಿ ಬಿಸಿಲಿಗೆ ಕೂತಿದ್ದರು. ಅವಳು ಚಹಾ ತಂದುಕೊಟ್ಟಳು. ಮಾವನ ಗಲ್ಲ, ಕೆನ್ನೆ, ಮುಂಗೈಯ ಮೇಲೆ ಎಂದಿನಂತೆ ಹಿಟ್ಟು ಹತ್ತಿಕೊಂಡಿತ್ತು. "ಮಾವ, ಮುಖ ಒರೆಸಿ—" ಎಂದವಳು ಅಲ್ಲಿಗೇ ನಿಂತಳು. ಅವತ್ತು ಅವರು ಹಿಟ್ಟು ಮುಟ್ಟಿರಲಿಲ್ಲ. ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಇದು ಯಾವಾಗಿಂದ ಇದೆ ಮಾವ?"

"ಯಾವುದು? ಈ ಬಿಳಿ ಮಚ್ಚೆಯಾ? ಮೂರ್ನಾಲ್ಕು ವರ್ಷ ಆಯ್ತೇನೋ. ಕಾಂಪೌಂಡರು ಹಿಟ್ಟು ಒಗ್ಗಲ್ಲ ಅಂದ. ಹಿಟ್ಟು ಒಗ್ಗಲ್ಲ ಅಂತ ಬೇಕರಿ ಮುಚ್ಚೋಕಾಗುತ್ತಾ? ನೋವಿಲ್ಲ, ತುರಿಕೆ ಇಲ್ಲ. ಇರಲಿ ಅಂತ ಬಿಟ್ಟೆ."

ದಿನಾ ಊಟಕ್ಕೆ ಬಡಿಸುವಾಗ ನೋಡಿದ ಮುಖ. ತರಬೇತಿಯಲ್ಲಿ ಇಂಥ ಮಚ್ಚೆಗಳ ಚಿತ್ರಗಳನ್ನು ಅವಳು ಸಾಲಾಗಿ ನೋಡಿದ್ದಳು: ಜ್ವರ ವಾಸಿಯಾದ ಮೇಲೂ ಕೆಲವರ ಚರ್ಮದಲ್ಲಿ ರೋಗಾಣು ಉಳಿಯುತ್ತದೆ, ಅವರಿಗೇನೂ ಆಗುವುದಿಲ್ಲ, ಆದರೆ ಅವರನ್ನು ಕಚ್ಚಿದ ನೊಣ ಅದನ್ನು ಹೊತ್ತುಕೊಂಡು ಹೋಗುತ್ತದೆ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಅವಳು ಮೇಡಂಗೆ ಫೋನು ಮಾಡಿದಳು.

ಮೇಡಂ ಮಾವನ ಗಲ್ಲದಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದರು. ರೋಗಾಣು ಇದೆಯೆಂಬ ಫಲಿತಾಂಶ ಬಂದ ದಿನ "ನಾನೇ ಹೇಳಲಾ?" ಎಂದು ಕೇಳಿದರು. "ಬೇಡ ಮೇಡಂ, ನಾನು ಹೇಳ್ತೀನಿ" ಎಂದಳು. ಹೇಳಿದ ಮೇಲೆ, ಅವರೇ ಹೇಳಲಿ ಎನ್ನಬೇಕಿತ್ತು ಅನ್ನಿಸಿತು.

ಮಧ್ಯಾಹ್ನ ಮಾವ ಒಬ್ಬರೇ ಹಿಟ್ಟು ನಾದುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು. ಅವರು ನಾದುವುದನ್ನು ನಿಲ್ಲಿಸಲಿಲ್ಲ.

"ಬ್ರೆಡ್ಡಿಂದ ಬರುತ್ತಾ?"

"ಇಲ್ಲ ಮಾವ. ಬ್ರೆಡ್ಡಿಂದ ಬರಲ್ಲ, ಮುಟ್ಟಿದ್ರೆ ಬರಲ್ಲ, ಎಂಜಲಿಂದಾನೂ ಬರಲ್ಲ. ನೊಣ ಕಚ್ಚಿದ್ರೆ ಮಾತ್ರ."

"ಔಷಧಿ?"

"ಇದೆ. ಮೂರು ತಿಂಗಳು ಮಾತ್ರೆ ತಗೋಬೇಕು. ಸ್ವಲ್ಪ ಹೊಟ್ಟೆ ತೊಳಸುತ್ತೆ. ಕಣ್ಣಿಗೂ ತೊಂದರೆ ಆಗ್ಬಹುದು, ಆಗಾಗ ಡಾಕ್ಟ್ರಿಗೆ ತೋರಿಸ್ತಾ ಇರ್ಬೇಕು."

"ಹೂಂ." ಹಿಟ್ಟನ್ನು ಮಡಚಿ ಒತ್ತಿದರು, ಮತ್ತೆ ಮಡಚಿದರು. ಆಮೇಲೆ ಕೈ ನಿಂತಿತು. "ಸಂಜೆ ಹೊತ್ತು ಮೆಟ್ಟಿಲ ಮೇಲೆ ಬನಿಯನ್ನಲ್ಲೇ ಕೂತಿರ್ತಿದ್ದೆ. ಚೂರು ಬಂದು ತೊಡೆ ಮೇಲೆ ಹತ್ತಿ ಕೂರ್ತಿದ್ದ."

ಮಾವ ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ತೆಗೆದರು.

"ಅವನಿಗೆ ಬಂದಿದ್ದು ನನ್ನಿಂದಾನಾ?"

ಇಲ್ಲ ಎನ್ನಬಹುದಿತ್ತು. ಹಾಗೆ ಹೇಳಿದರೆ ಅವರು ನಂಬುತ್ತಿದ್ದರು, ನಂಬಲು ಕಾದೂ ಇದ್ದರು. "ಗೊತ್ತಿಲ್ಲ ಮಾವ," ಎಂದಳು. "ಹೌದು ಅಂತ ಹೇಳೋಕೆ ಯಾರಿಗೂ ಆಗಲ್ಲ. ಆದ್ರೆ ಅಲ್ಲ ಅಂತ ಹೇಳೋಕೂ ನನಗೆ ಆಗ್ತಿಲ್ಲ. ಆಗಿರಬಹುದು."

ಮಾವ ತಲೆಯಾಡಿಸಿದರು. ಹಿಟ್ಟಿಗೆ ಒದ್ದೆಬಟ್ಟೆ ಮುಚ್ಚಿ, ಕೈ ತೊಳೆದು, ಹಿತ್ತಿಲಿಗೆ ಹೋದರು. ಆ ದಿನದ ಸಂಜೆಯ ಬ್ರೆಡ್ಡನ್ನು ಗಂಡನೇ ಸುಟ್ಟ. ಅರ್ಧ ಸೀದಿತ್ತು.

ವಿಷಯ ಮನೆಯವರಿಗೆಲ್ಲ ತಿಳಿದಾಗ ಅತ್ತೆ ಬಾಗಿಲು ಹಾಕಿ ಬಂದರು. "ಮಾತ್ರೆ ನುಂಗಿ. ವಾಸಿಯಾಗುತ್ತೆ. ಊರಿಗೆಲ್ಲ ಡಂಗುರ ಹೊಡೆಯೋದು ಯಾಕೆ?"

"ಊರಿಗೆ ಅಲ್ಲ," ಎಂದರು ಮಾವ. "ಎದುರುಮನೆಗೆ ಹೇಳ್ಬೇಕು."

"ಅಪ್ಪ, ಅವಳಿಗೆ ಹೇಳಿದ್ರೆ ಮಗು ವಾಪಸ್ ಬರುತ್ತಾ?" ಗಂಡನ ದನಿ ಏರಿತು. "ನಾಳೆಯಿಂದ ನಮ್ಮ ಬ್ರೆಡ್ಡು ಯಾರು ಮುಟ್ತಾರೆ?" ಆಮೇಲೆ ಹೆಂಡತಿಯ ಕಡೆ ತಿರುಗಿದ. "ನಿನಗೆ ಬೇರೆ ಯಾರ ಮನೆ ನೊಣಾನೂ ಸಿಗಲಿಲ್ವಾ?"

ಆ ಮಾತು ಅವಳಿಗೆ ನಾಟಿತು. ಅಷ್ಟರಲ್ಲಿ ಮಾವನೇ, "ಅವಳು ನೊಣ ತರಲಿಲ್ಲ ಕಣೋ. ಇಲ್ಲೇ ಇದ್ದಿದ್ದನ್ನ ನೋಡಿದ್ಲು," ಎಂದರು. ಮತ್ತೆ ಅವಳಿಗೆ: "ಬಾರಮ್ಮ. ನಾನು ಏನಾದ್ರೂ ತಪ್ಪು ಹೇಳಿದ್ರೆ ತಿದ್ದು."

ಇಸ್ತ್ರಿಯವಳು ಬಾಗಿಲಲ್ಲೇ ಮೇಜು ಹಾಕಿಕೊಂಡು ಯಾರದೋ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಮಾವನನ್ನು ಕಂಡು, "ಬನ್ನಿ ದೊಡ್ಡಪ್ಪ" ಎಂದು ಸ್ಟೂಲು ಸರಿಸಿದಳು. ಮಾವ ಕೂರಲಿಲ್ಲ. ನಿಂತೇ ಹೇಳಿದರು, ಸುತ್ತುಬಳಸು ಮಾಡದೆ. ಮಚ್ಚೆ ತೋರಿಸಿದರು. ಸೊಸೆ ತಿದ್ದಬೇಕಾದದ್ದು ಒಂದೇ ಕಡೆ: ಮಾವ "ನನ್ನಿಂದ ಬಂತು" ಎಂದಾಗ "ಬಂದಿರಬಹುದು" ಎಂದಳು.

ಇಸ್ತ್ರಿಯವಳು ಕೇಳುತ್ತ ಪೆಟ್ಟಿಗೆಯನ್ನು ಒಂದೇ ಕಡೆ ಒತ್ತಿಹಿಡಿದಿದ್ದಳು. ವಾಸನೆ ಬಂದಾಗ ಎತ್ತಿದಳು. ಅಂಗಿಯ ಬೆನ್ನಿನ ಮೇಲೆ ಕಂದು ಗುರುತು ಬಿದ್ದಿತ್ತು.

"ಇದನ್ನ ನನಗೆ ಯಾಕೆ ಹೇಳಿದ್ರಿ ದೊಡ್ಡಪ್ಪ?"

"ಬೇರೆಯವರಿಂದ ನಿನಗೆ ಗೊತ್ತಾಗ್ಬಾರ್ದು ಅಂತ."

"ಅವನು ಹೋದಾಗಿಂದ ನಾನು ಬೈಕೊಂಡಿದ್ದು ನನ್ನನ್ನೇ. ಜ್ವರ ಅಂತ ಗೊತ್ತಿದ್ರೂ ಬಟ್ಟೆ ಮುಗಿಸಿ ಹೋದ್ರಾಯ್ತು ಅಂತ ಕೂತಿದ್ದೆ." ಅವಳ ದನಿ ನಡುಗಲಿಲ್ಲ. "ಈಗ ನಿಮ್ಮನ್ನ ಬೈಲಾ? ಯಾರನ್ನ ಬೈಲಿ? ಹೇಳಿ."

"ನನ್ನನ್ನ ಬೈ."

"ಆಗಲ್ಲ. ಅವನನ್ನ ಎತ್ಕೊಂಡು ಓಡಿದೋರು ನೀವು." ಸುಟ್ಟ ಅಂಗಿಯನ್ನು ಮಡಚಿ ಬದಿಗಿಟ್ಟಳು. "ಹೋಗಿ ದೊಡ್ಡಪ್ಪ. ಈಗ ಹೋಗಿ."

ಇಸ್ತ್ರಿಯವಳು ಯಾರಿಗೂ ಹೇಳಲಿಲ್ಲವಂತೆ. ಆದರೂ ವಿಷಯ ಹರಡಿತು. ಔಷಧಿ ಸಿಂಪಡಿಸುವವರು ಬಂದು ಮೊದಲು ಬೇಕರಿಯ ಗೋಡೆಗೇ ಹೊಡೆದರು, ಬಿರುಕುಗಳಿಗೆ ಗಾರೆ ಮೆತ್ತಿಸಿದರು. ನೋಡುವವರಿಗೆ ಅಷ್ಟು ಸಾಕಾಯಿತು. ಕಾಯಂ ಗಿರಾಕಿಗಳು ಮುಂದಿನ ಬೀದಿಯ ಅಂಗಡಿಗೆ ಹೋಗತೊಡಗಿದರು. ಮೇಡಂ ಎರಡು ಸಲ ಓಣಿಯಲ್ಲಿ ಜನರನ್ನು ಸೇರಿಸಿ ತಿಳಿಸಿ ಹೇಳಿದರು, ಎಲ್ಲರೆದುರು ಬನ್ನು ತಿಂದು ತೋರಿಸಿದರು. ಜನ ಚೆನ್ನಾಗಿ ಕೇಳಿಸಿಕೊಂಡರು, ಹೌದು ಹೌದು ಎಂದರು, ಬ್ರೆಡ್ಡನ್ನು ಮಾತ್ರ ಬೇರೆ ಕಡೆ ಕೊಂಡರು.

ಮಾತ್ರೆಗಳು ಮಾವನಿಗೆ ಒಗ್ಗಲಿಲ್ಲ. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದವರೆಗೆ ವಾಂತಿ. ಎಲ್ಲಕ್ಕಿಂತ ಕಷ್ಟವಾದದ್ದು, ಬೇಯುವ ಬ್ರೆಡ್ಡಿನ ವಾಸನೆಯೇ ಅವರಿಗೆ ಆಗದೆ ಹೋದದ್ದು. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದ ಮನುಷ್ಯ ಮೂಗಿಗೆ ಬಟ್ಟೆ ಕಟ್ಟಿಕೊಂಡು ಭಟ್ಟಿಯ ಮುಂದೆ ನಿಲ್ಲುತ್ತಿದ್ದರು. ಒಂದು ದಿನ ಅವಳು, "ಸ್ವಲ್ಪ ದಿನ ಬಿಟ್ಟುಬಿಡಿ ಮಾವ, ಇವರು ನೋಡ್ಕೊಳ್ತಾರೆ" ಎಂದಳು.

"ಮಾತ್ರೆ ಬಿಡಲಾ, ಭಟ್ಟಿ ಬಿಡಲಾ?"

"ಭಟ್ಟಿ."

"ಮನೇಲಿ ಕೂತ್ರೆ ಆ ಮಗೂದೇ ಯೋಚನೆ ಬರುತ್ತೆ ಕಣಮ್ಮ. ವಾಂತಿನೇ ವಾಸಿ."

ಸಂಜೆ ಅವರು ಮೆಟ್ಟಿಲ ಮೇಲೆ ಕೂರುವುದನ್ನು ನಿಲ್ಲಿಸಿದರು. ಮಕ್ಕಳು ಬಂದು, ಇಣುಕಿ, ಹೋದರು. ಹೊತ್ತು ಮುಳುಗುವ ಮೊದಲೇ ಮಾವ ಸೊಳ್ಳೆಪರದೆಯೊಳಗೆ ಹೋಗುತ್ತಿದ್ದರು. ಅಂಗಡಿಯಲ್ಲಿ ಸಿಗುವ ಪರದೆಗಿಂತ ಸಣ್ಣ ಕಣ್ಣಿನದು ಬೇಕಿತ್ತು. ಅತ್ತೆಯೇ ತೆಳುಬಟ್ಟೆ ತಂದು ಹೊಲಿದರು. ಬಾಯಲ್ಲಿ ಏನೂ ಹೇಳದಿದ್ದರೂ ಹೊಲಿಗೆ ಒತ್ತೊತ್ತಾಗಿತ್ತು.

ಗಂಡ ಎಷ್ಟೋ ದಿನ ಅವಳ ಜೊತೆ ಬೇಕಾದಷ್ಟೇ ಮಾತಾಡಿದ. ಒಂದು ಬೆಳಿಗ್ಗೆ ಅವಳನ್ನು ಲ್ಯಾಬಿಗೆ ಬಿಡಲು ಹೋಗುವಾಗ, ಗಾಡಿ ನಿಲ್ಲಿಸಿ, ಮುಂದಕ್ಕೇ ನೋಡುತ್ತ ಕೇಳಿದ: "ನೀನು ನೋಡದೇ ಇದ್ದಿದ್ರೆ ನಮ್ಮ ಪಾಪುಗೂ ಬರ್ತಿತ್ತಾ?"

"ಬರ್ತಿತ್ತು ಅಂತ ಅಲ್ಲ. ಬರಬಹುದಿತ್ತು."

"ನಿನ್ನ ಬಾಯಲ್ಲಿ ಯಾವಾಗಲೂ ಇದೇ ಬರೋದು," ಎಂದ. ಆದರೆ ಮೊದಲಿನ ಬಿಗಿ ಇರಲಿಲ್ಲ. ಅವಳು ಇಳಿದ ಮೇಲೂ ಅವಳ ಊಟದ ಡಬ್ಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದ.

ಮಾತ್ರೆಯ ಅವಧಿ ಮುಗಿದ ಮೇಲೆ ಮೇಡಂ ಮತ್ತೆ ಚರ್ಮ ತೆಗೆದು ನೋಡಿದರು. ರೋಗಾಣು ಇರಲಿಲ್ಲ. ಓಣಿಯ ಹತ್ತಾರು ಮನೆಗಳಲ್ಲಿ ಬಲೆ ಕಟ್ಟಿ ತಂದ ನೊಣಗಳನ್ನು ಅವಳು ಒಂದೊಂದಾಗಿ ಕೊಯ್ದಳು; ಯಾವುದರಲ್ಲೂ ಏನೂ ಅಲುಗಲಿಲ್ಲ. ಇಲ್ಲ ಎಂದು ಹೇಳಲು ಇನ್ನೂ ಎಷ್ಟೋ ನೊಣ ನೋಡಬೇಕೆಂದು ಅವಳಿಗೆ ಗೊತ್ತಿತ್ತು. ಆ ಹಂಗಾಮಿನಲ್ಲಿ ಓಣಿಯ ಯಾವ ಮಗುವಿಗೂ ಜ್ವರ ಬರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಬರಲಿಲ್ಲ. ಭಟ್ಟಿಯನ್ನು ದಿನಕ್ಕೆ ಒಂದೇ ಸಲ ಹಚ್ಚುತ್ತಿದ್ದರು.

ಇಸ್ತ್ರಿಯವಳು ಅಷ್ಟೂ ದಿನ ಈ ಕಡೆ ತಲೆ ಹಾಕಿರಲಿಲ್ಲ. ಒಂದು ಮಧ್ಯಾಹ್ನ ರಸ್ತೆ ದಾಟಿ ಬಂದು, ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಅತ್ತೆಗೆ "ಒಂದು ಬ್ರೆಡ್ಡು ಕೊಡಿ" ಎಂದಳು. ಅತ್ತೆ ಗಡಿಬಿಡಿಯಲ್ಲಿ ಎರಡು ಕಟ್ಟಿದರು. ದನಿ ಕೇಳಿ ಮಾವ ಒಳಗಿಂದ ಬಂದರು. ಬಂದವರಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅವಳು ಅವರ ಮುಖವನ್ನು ಬಹಳ ಹೊತ್ತು ನೋಡಿದಳು, ಬಟ್ಟೆಯಲ್ಲಿ ಕಲೆ ಹುಡುಕುವ ಹಾಗೆ.

"ಕಮ್ಮಿಯಾಗಿದೆ."

"ಹೂಂ," ಎಂದರು ಮಾವ.

"ಈ ಕಡೆ ಕೆನ್ನೇಲಿ ಇನ್ನೂ ಇದೆ."

"ಅದು ಪೂರ್ತಿ ಹೋಗೋಕೆ ಒಂದು ವರ್ಷ ಬೇಕಂತೆ."

"ಒಂದು ಸಾಕು" ಎಂದು ಇನ್ನೊಂದು ಬ್ರೆಡ್ಡನ್ನು ಅತ್ತೆಯ ಕಡೆ ಸರಿಸಿ ಅವಳು ಹೊರಟುಹೋದಳು.

ಅತ್ತೆ ಕಣ್ಣೊರೆಸಿಕೊಂಡರು. "ಸದ್ಯ, ನಿಮ್ಮ ಹತ್ರ ಮಾತಾಡಿದ್ಲಲ್ಲ."

"ನನ್ನ ಹತ್ರ ಎಲ್ಲಿ," ಎಂದರು ಮಾವ. "ಕೆನ್ನೆ ಹತ್ರ ಮಾತಾಡಿದ್ಲು."

ಆಗಷ್ಟೇ ಲ್ಯಾಬಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಸೊಸೆಗೆ ನಗು ಬಂತು. ನಗಬಹುದೋ ಬಾರದೋ ಗೊತ್ತಾಗಲಿಲ್ಲ. ಮಾವ ಅವಳ ಕಡೆ ನೋಡಿದರು. ಅವರ ತುಟಿಯ ತುದಿಯೂ ಸ್ವಲ್ಪ ಓರೆಯಾಗಿತ್ತು. ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂದಿದೆ ಎಂದು ಗಂಡ ಒಳಗಿಂದ ಕೂಗಿದ. ಮಾವ ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋದರು.